ಮರಕುಟಿಗ ಯಾವುದು ಅಂತ ಗುರುತಿಸುವುದು ಹೇಗೆ: ತಲೆ ಬಿಡಿ, ಬೆನ್ನು ನೋಡಿ

ಮರಕುಟಿಗ ಕಂಡ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಅದರ ಕೆಂಪು ಜುಟ್ಟಿಗೆ. ಆಮೇಲೆ ಬಂದು ಕೇಳುವಾಗಲೂ ಅಷ್ಟೇ, "ತಲೆ ಕೆಂಪಗಿತ್ತು, ಬೆನ್ನು ಹಳದಿ ಇತ್ತು, ಯಾವುದು ಅದು?" ಅನ್ನುತ್ತಾರೆ. ಇಷ್ಟರಿಂದ ಹೆಸರು ಹೇಳಲು ಆಗುವುದಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿಸಿ ನೋಡಿದರೆ ಹನ್ನೆರಡು ಬಗೆಯ ಮರಕುಟಿಗಗಳಿವೆ, ಅವುಗಳಲ್ಲಿ ಹೆಚ್ಚಿನವುಗಳ ಗಂಡಿಗೆ ತಲೆಯಲ್ಲಿ ಎಲ್ಲೋ ಒಂದು ಕಡೆ ಕೆಂಪು ಇದ್ದೇ ಇರುತ್ತದೆ. ಆ ಕೆಂಪಿನಿಂದ ಗೊತ್ತಾಗುವುದು ಗಂಡೋ ಹೆಣ್ಣೋ ಅನ್ನುವುದು ಮಾತ್ರ. ಜಾತಿ ಗೊತ್ತಾಗುವುದು ಕತ್ತಿನ ಹಿಂಭಾಗದಿಂದ, ಸೊಂಟದ ಬಣ್ಣದಿಂದ, ಕೆನ್ನೆಯ ಮೇಲಿನ ಗೆರೆಯಿಂದ. ಇವೆಲ್ಲಕ್ಕಿಂತ ಮೊದಲು ಕೂಗಿನಿಂದ. ಸೊಂಟ ಅಂದರೆ ಬೆನ್ನು ಮುಗಿದು ಬಾಲ ಶುರುವಾಗುವ ಜಾಗ, ಹಕ್ಕಿ ರೆಕ್ಕೆ ಬಿಚ್ಚಿ ಹಾರುವಾಗ ಚೆನ್ನಾಗಿ ಕಾಣುತ್ತದೆ. ಈ ನಾಲ್ಕನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು, ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ನಿಮ್ಮ ತೋಟದ ಮರಕುಟಿಗಗಳೆಲ್ಲ ನಿಮಗೆ ಗೊತ್ತಿರುತ್ತವೆ.

ಮೊದಲು ನಿಂತ ಜಾಗ ನೋಡಿಕೊಳ್ಳಿ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಪಶ್ಚಿಮಕ್ಕೆ ಬಿಸಿಲೆ, ಸಕಲೇಶಪುರ, ಮೂಡಿಗೆರೆ, ಚಾರ್ಮಾಡಿ, ಕುದುರೆಮುಖ, ಎಲ್ಲ ಜೋರು ಮಳೆಯ ಕಾಡು, ಕಾಫಿ ತೋಟ. ನಡುವೆ ಭದ್ರಾ ಅಭಯಾರಣ್ಯದ ಮುತ್ತೋಡಿ, ಲಕ್ಕವಳ್ಳಿ ಕಡೆ ತೇಗ, ಮತ್ತಿ, ನಂದಿ, ಬಿದಿರು ಇರುವ ಎಲೆ ಉದುರುವ ಕಾಡು. ಪೂರ್ವಕ್ಕೆ ಅರಸೀಕೆರೆ, ಕಡೂರು ಕಡೆ ಬಂದರೆ ತೆಂಗಿನ ತೋಟ, ಬೇವು, ಜಾಲಿ, ಹುಲ್ಲಿನ ಕಾವಲು. ಒಂದೇ ಜಿಲ್ಲೆಯೊಳಗೆ ಬಸ್ಸಲ್ಲಿ ಎರಡು ಗಂಟೆ ಕೂತರೆ ಮಳೆಯೂ ಬೇರೆ, ಮರವೂ ಬೇರೆ, ಮರಕುಟಿಗವೂ ಬೇರೆ.

ಅರಸೀಕೆರೆಯ ತೆಂಗಿನ ತೋಟದಲ್ಲಿ ನಿಂತು ಹೃದಯದ ಚುಕ್ಕೆಯ ಪುಟ್ಟ ಮರಕುಟಿಗ ಹುಡುಕಿದರೆ ಸಿಗುವುದಿಲ್ಲ, ಅದು ಮಳೆ ಕಾಡಿನದು. ಹಳದಿ ನೆತ್ತಿಯ ಮರಕುಟಿಗವನ್ನು ಬಿಸಿಲೆ ಘಾಟಿಯಲ್ಲಿ ಹುಡುಕುವುದೂ ಹಾಗೇ, ಅದು ಒಣ ಸೀಮೆಯದು. ಬೆನ್ನಲ್ಲಿ ಹೊನ್ನಿನ ಬಣ್ಣ ಇರುವ ಮಾಮೂಲಿ ಮರಕುಟಿಗ ಒಂದೇ ಇದಕ್ಕೆ ಹೊರತು. ಹಾಸನ ಪೇಟೆಯ ಮನೆ ಹಿತ್ತಲಿನ ತೆಂಗಿನ ಮರದಲ್ಲೂ ಇರುತ್ತದೆ, ರಸ್ತೆ ಪಕ್ಕದ ಮಾವಿನ ಮರದಲ್ಲೂ ಇರುತ್ತದೆ.

ಸಮಯ ಅಂದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯದು. ಎಲೆ ಉದುರಿ ಕೊಂಬೆ ಬಯಲಾಗಿರುತ್ತದೆ, ಜೋಡಿ ಕಟ್ಟುವ ಕಾಲ ಆದ್ದರಿಂದ ಕೂಗು, ಬಡಿತ ಎರಡೂ ಜಾಸ್ತಿ. ಹಾಲುವಾಣ, ಬೂರುಗ ಹೂ ಬಿಟ್ಟಿದ್ದರೆ ಅದರ ಕೆಳಗೆ ಸುಮ್ನೆ ನಿಂತರೂ ಸಾಕು, ಮಕರಂದಕ್ಕೆ ಮರಕುಟಿಗಗಳೂ ಬರುತ್ತವೆ. ಬೆಳಗ್ಗೆ ಬಿಸಿಲು ಮರದ ತುದಿಗೆ ಬಿದ್ದ ಮೇಲಿನ ಎರಡು ಮೂರು ಗಂಟೆ ಬಹಳ ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಹಕ್ಕಿ ಇಲ್ಲ ಅಂತಲ್ಲ, ಮಳೆ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಉಂಬಳ ಬೇರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಗಳಲ್ಲಿ ಆನೆ ಓಡಾಡುತ್ತವೆ, ಆದ್ದರಿಂದ ಕತ್ತಲು ಹರಿಯುವ ಮೊದಲೇ ಹೊರಡಬೇಡಿ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನೋ ಕೆಲಸದವರನ್ನೋ "ಆನೆ ಎಲ್ಲಿದೆ ಇವತ್ತು?" ಅಂತ ಕೇಳಿಯೇ ಒಳಗೆ ಹೋಗಿ. ಮರದ ತುದಿ ನೋಡುತ್ತಾ ನಡೆಯುವವರಿಗೆ ಎದುರಿಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ಕಿವಿಗೆ ಕೆಲಸ ಕೊಡಿ

ಮರಕುಟಿಗದಿಂದ ಮೂರು ಥರದ ಸದ್ದು ಬರುತ್ತದೆ, ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಒಂದು, ತಿನ್ನಲು ಕುಟುಕುವ ಸದ್ದು. ಟಕ್... ಟಕ್ ಟಕ್... ಟಕ್. ಇದಕ್ಕೆ ಲಯ ಇಲ್ಲ. ಸಿಪ್ಪೆ ಕಿತ್ತು, ನಾಲಗೆ ಹಾಕಿ ಹುಳ ತೆಗೆದು, ಮತ್ತೆ ಎರಡೇಟು. ಇದರಿಂದ ಜಾತಿ ಗೊತ್ತಾಗುವುದು ಕಷ್ಟ, ಆದರೆ ಹಕ್ಕಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸದ್ದು ದಪ್ಪವಾಗಿ, ಮರದೊಳಗಿಂದ ಬಂದ ಹಾಗೆ ಕೇಳಿದರೆ ಹಕ್ಕಿ ದೊಡ್ಡದು. ಗೆಜ್ಜೆಯಷ್ಟು ಸಣ್ಣಗೆ, ತೆಳು ರೆಂಬೆಯ ಮೇಲೆ ಕೇಳಿದರೆ ಪುಟ್ಟದು.

ಎರಡು, ಬಡಿತ. ಒಣಗಿದ ಕೊಂಬೆ ಹುಡುಕಿ ಕ್ಷಣಕ್ಕೆ ಹಲವು ಏಟಿನಂತೆ ಒಂದೇ ಉಸಿರಿಗೆ ಡರ್ರ್ರ್ರ್ ಅನ್ನಿಸುವುದು. ಇಲ್ಲಿ ಹುಳದ ಮಾತೇ ಇಲ್ಲ. ಬೇರೆ ಹಕ್ಕಿ ಹಾಡುತ್ತದಲ್ಲ, ಅದರ ಬದಲು ಇದು. "ಈ ಜಾಗ ನನ್ನದು" ಅಂತ ಸಾರುವುದು, ಜೊತೆ ಹಕ್ಕಿಯನ್ನು ಕರೆಯುವುದು. ಹಸಿ ಮರದಲ್ಲಿ ಸದ್ದು ಏಳುವುದಿಲ್ಲ, ಒಣ ಕೊಂಬೆಯೇ ಬೇಕು. ಈ ಬಡಿತ ಎಷ್ಟು ಹೊತ್ತು ನಡೆಯಿತು, ಕೊನೆಗೆ ಚುರುಕಾಯಿತಾ ನಿಧಾನವಾಯಿತಾ, ಇದನ್ನು ಗಮನಿಸಿ. ಎರಡು ಜಾತಿಗಳನ್ನು ನೋಡದೇ ಹೇಳಿಬಿಡಬಹುದು. ಕಂದು ಮರಕುಟಿಗದ ಬಡಿತ ಜೋರಾಗಿ ಶುರುವಾಗಿ ಏಟಿನ ನಡುವೆ ಬಿಡುವು ಹೆಚ್ಚುತ್ತಾ ಹೋಗಿ ನಿಲ್ಲುತ್ತದೆ, ಡೀಸೆಲ್ ಪಂಪ್‌ಸೆಟ್ ಆಫ್ ಮಾಡಿದಾಗ ಇಂಜಿನ್ ಬಿಕ್ಕಿ ಬಿಕ್ಕಿ ನಿಲ್ಲುತ್ತದಲ್ಲ, ಥೇಟ್ ಹಾಗೆ. ದೊಡ್ಡ ಕರಿ ಮರಕುಟಿಗದ್ದು ಇದಕ್ಕೆ ಉಲ್ಟಾ, ಭಾರವಾದ ಏಟುಗಳು, ಕೊನೆಯಲ್ಲಿ ಒತ್ತೊತ್ತಾಗಿ ಬೀಳುತ್ತವೆ, ಕಣಿವೆಯ ಆಚೆ ಬದಿಗೂ ಕೇಳುತ್ತದೆ.

ಮೂರನೆಯದು ಗಂಟಲಿನ ಕೂಗು. ಗುರುತಿಸಲು ಇದೇ ಮುಖ್ಯ, ಯಾಕೆಂದರೆ ಬಡಿತ ಒಂದು ಕಾಲದಲ್ಲಿ ಮಾತ್ರ, ಕೂಗು ವರ್ಷವಿಡೀ. ಒಂದೊಂದೇ ಹಕ್ಕಿಯ ಜೊತೆ ಹೇಳುತ್ತೇನೆ. ಅಭ್ಯಾಸಕ್ಕೆ ಫೋನಿನ ರೆಕಾರ್ಡರ್ ಸಾಕು. ಸದ್ದಿನ ಕಡೆ ಫೋನ್ ಹಿಡಿದು ರೆಕಾರ್ಡ್ ಮಾಡಿ, ಮುಗಿಯುವಾಗ ನಿಮ್ಮದೇ ದನಿಯಲ್ಲಿ ಜಾಗ, ಮರ, ಹೊತ್ತು ಹೇಳಿಬಿಡಿ. ಸಂಜೆ ಕೂತು ಕೇಳುವಾಗ ಇದರ ಬೆಲೆ ತಿಳಿಯುತ್ತದೆ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಇದ್ದರೆ ಇನ್ನೂ ಸುಲಭ, ನಮ್ಮ ಭಾಗದ ಹಕ್ಕಿ ಪಟ್ಟಿಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಆದರೆ ಆ್ಯಪ್ ಹೆಸರು ತೋರಿಸಿತು ಅಂತ ಬರೆದುಕೊಂಡು ಮುಂದೆ ಹೋಗಬೇಡಿ, ಅದು ಹೇಳಿದ ಹಕ್ಕಿಯನ್ನು ಕಣ್ಣಿಂದ ಹುಡುಕಿ. ಭೀಮರಾಜ ಒಂದು ಇದ್ದರೆ ಸಾಕು, ಅದು ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತದೆ, ಆ್ಯಪ್ ಕೂಡ ಏಮಾರಬಹುದು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಕೂಗನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನು ಕರೆಸಬೇಡಿ. ಮರಿ ಮಾಡುವ ಕಾಲದಲ್ಲಿ ಅದು ಬೇರೆ ಗಂಡು ಬಂತು ಅಂದುಕೊಂಡು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ, ಮೊಟ್ಟೆ ಅಷ್ಟು ಹೊತ್ತು ಅನಾಥ. ಒಂದು ಫೋಟೋಗೆ ಇಷ್ಟು ಬೆಲೆ ಕಟ್ಟಬಾರದು.

ಕಣ್ಣಿಗೆ ಸಿಗುವ ಹಾಗೆ ನೋಡುವುದು

ಸದ್ದು ಕೇಳಿದ ಮರದ ಬುಡಕ್ಕೆ ಓಡಬೇಡಿ. ಮರಕುಟಿಗ ಮನುಷ್ಯರನ್ನು ಕಂಡರೆ ಕಾಂಡದ ಹಿಂದಕ್ಕೆ ಸರಿಯುತ್ತದೆ, ನೀವು ಸುತ್ತು ಬಂದರೆ ಅದೂ ಸುತ್ತು ಬರುತ್ತದೆ. ನಿಂತಲ್ಲೇ ನಿಲ್ಲಿ, ಮರದ ಮೇಲ್ಭಾಗ ನೋಡುತ್ತಿರಿ. ಅದು ಕೆಳಗಿನಿಂದ ಮೇಲಕ್ಕೆ ಏರುವ ಹಕ್ಕಿ. ಕಾಂಡದ ಕೆಳಭಾಗಕ್ಕೆ ಬಂದು ಕೂತು, ಸುತ್ತುತ್ತಾ ಮೇಲಕ್ಕೆ ಹೋಗಿ, ತುದಿ ಸಿಕ್ಕ ಮೇಲೆ ಹಾರಿ ಪಕ್ಕದ ಮರದ ಕೆಳಭಾಗಕ್ಕೆ ಬರುತ್ತದೆ. ಈ ರೂಢಿ ಗೊತ್ತಿದ್ದರೆ ಮುಂದಿನ ಸಲ ಎಲ್ಲಿ ಕೂರುತ್ತದೆ ಅಂತ ಮೊದಲೇ ದುರ್ಬೀನು ಹಿಡಿದಿಡಬಹುದು. ಸಾಮಾನ್ಯವಾಗಿ ಕಾಲಿನ ಬೆರಳು ಎರಡು ಮುಂದಕ್ಕೆ ಎರಡು ಹಿಂದಕ್ಕೆ, ಬಾಲದ ಗರಿ ಗಟ್ಟಿ, ಅದನ್ನು ಕಾಂಡಕ್ಕೆ ಊರಿ ಕೂರುತ್ತದೆ. ಹಾರುವಾಗ ರೆಕ್ಕೆ ಬಡಿದು ಮೇಲಕ್ಕೆ, ಮಡಚಿ ಕೆಳಕ್ಕೆ, ಹೀಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ. ದೂರದಿಂದಲೇ "ಇದು ಮರಕುಟಿಗ" ಅನ್ನಲು ಈ ಹಾರಾಟ ಸಾಕು.

ಹಕ್ಕಿ ಹಾರಿದ ಕ್ಷಣ ಬಹಳ ಜನ ದುರ್ಬೀನು ಇಳಿಸಿಬಿಡುತ್ತಾರೆ. ಇಳಿಸಬೇಡಿ, ಸೊಂಟದ ಬಣ್ಣ ಕಾಣುವುದೇ ಆಗ. ದುರ್ಬೀನು 8×42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಮಸೂರದ್ದು) ಇದ್ದರೆ ತೋಟದ ನೆರಳಿಗೆ ಸರಿಯಾಗುತ್ತದೆ, ಹೆಚ್ಚು ಹತ್ತಿರ ತೋರಿಸುವುದು ಬೇಕು ಅಂತ ದೊಡ್ಡದು ತಂದರೆ ಕೈ ನಡುಗಿ ಏನೂ ಕಾಣುವುದಿಲ್ಲ.

ಹೊನ್ನು ಬೆನ್ನಿನವು: ಇಲ್ಲಿ ನಿಧಾನ ಮಾಡಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಇವುಗಳಲ್ಲೇ. ಬೆನ್ನು ಹೊನ್ನಿನ ಬಣ್ಣ, ತಲೆ ಕೆಂಪು, ಮುಖದ ಮೇಲೆ ಕಪ್ಪು ಬಿಳುಪು ಪಟ್ಟೆ. ಎಲ್ಲ ಒಂದೇ ಥರ ಕಾಣುತ್ತವೆ. ಹತ್ತಿರದ ಹಾಲುವಾಣದ ಮೇಲೆ ಒಂದು ಬಂದು ಕೂತಿದೆ ಅಂದುಕೊಳ್ಳಿ. ಕೊಕ್ಕು ಹೂವಿನೊಳಗೆ ಇಟ್ಟಿದೆ, ಪಕ್ಕದಿಂದ ಮುಖ ಕಾಣುತ್ತಿದೆ. ನೆತ್ತಿ ನೋಡಬೇಡಿ. ಕೊಕ್ಕಿನ ಬುಡದಿಂದ ಕೆನ್ನೆಯ ಕೆಳಗೆ ಇಳಿಯುವ ಕಪ್ಪು ಗೆರೆ ನೋಡಿ, ಅದನ್ನು ಮೀಸೆ ಅನ್ನೋಣ.

ಮೀಸೆಯೇ ಇಲ್ಲ, ಗಂಟಲು ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ, ಗೀರು. ಇದು ಮಾಮೂಲಿ ಕರಿಸೊಂಟದ ಮರಕುಟಿಗ. ಊರು, ತೋಟ, ತೆಂಗು ಎಲ್ಲ ಕಡೆ ಇರುವುದು. ಹಾರಿದಾಗ ಸೊಂಟ ಕಪ್ಪು ಕಾಣುತ್ತದೆ. ಭುಜದ ಹತ್ತಿರ ರೆಕ್ಕೆಯ ಮೇಲೆ ಕಪ್ಪಿನಲ್ಲಿ ಬಿಳಿ ಚುಕ್ಕೆಗಳು. ಗಂಡಿಗೆ ನೆತ್ತಿಯೆಲ್ಲ ಕೆಂಪು, ಹೆಣ್ಣಿಗೆ ಹಣೆ ಭಾಗ ಕಪ್ಪು, ಅದರಲ್ಲಿ ಬಿಳಿ ಚುಕ್ಕೆ, ಹಿಂದೆ ಮಾತ್ರ ಕೆಂಪು. ಕೂಗು ನಿಧಾನ ಶುರುವಾಗಿ ಒರಟಾಗಿ ಓಡುತ್ತದೆ, ಕಿ-ಕಿ-ಕಿ-ಕಿರ್ರ್ರ್ರ್. ಇದನ್ನು ಮಿಂಚುಳ್ಳಿಯ ಕೂಗು ಅಂದುಕೊಳ್ಳುವವರು ಬಹಳ. ಬಿಳಿ ಎದೆಯ ಮಿಂಚುಳ್ಳಿಯ ನಗು ಸ್ವಚ್ಛವಾಗಿ, ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ, ಮರಕುಟಿಗದ್ದು ಒಂದೇ ಎತ್ತರದಲ್ಲಿ ಕರ್ಕಶವಾಗಿ ಓಡುತ್ತದೆ. ಗದ್ದೆ ಬದಿಯ ಕರೆಂಟ್ ತಂತಿಯಿಂದ ಬಂದರೆ ಮೊದಲು ಮಿಂಚುಳ್ಳಿ ಹುಡುಕಿ, ತೆಂಗಿನ ಸುಳಿಯ ಕಡೆಯಿಂದ ಬಂದರೆ ಮರಕುಟಿಗ.

ಮೀಸೆ ಇದೆ, ಅದು ಒಂದೇ ಗೆರೆ. ಕತ್ತಿನ ಹಿಂದೆ ಕಪ್ಪು, ಗಂಟಲು ಬಿಳಿ, ಸೊಂಟ ಕೆಂಪು. ಕಣ್ಣು ಕಪ್ಪು, ಕೊಕ್ಕು ತಲೆಯಷ್ಟು ಉದ್ದ ಇರುವುದಿಲ್ಲ. ಇದು ಮೂರು ಬೆರಳಿನ ಹೊನ್ನು ಬೆನ್ನಿನ ಮರಕುಟಿಗ, ಪಶ್ಚಿಮ ಘಟ್ಟದ ಕಾಡು ಮತ್ತು ಕಾಫಿ ತೋಟದಲ್ಲಿ ಇರುವುದು. ಬೆರಳು ಎಣಿಸಲು ಹೋಗಬೇಡಿ, ಕಾಣುವುದಿಲ್ಲ. ಹೆಣ್ಣಿನ ಕಪ್ಪು ನೆತ್ತಿಯ ಮೇಲೆ ಉದ್ದುದ್ದ ಬಿಳಿ ಗೀರುಗಳಿರುತ್ತವೆ.

ಮೀಸೆ ಎರಡಾಗಿ ಸೀಳಿದೆ, ನಡುವೆ ಬಿಳಿ ಜಾಗ ಉಳಿದಿದೆ. ಕತ್ತಿನ ಹಿಂದೆ ಬಿಳಿ. ಕಣ್ಣು ತಿಳಿ ಬಣ್ಣ, ಕೊಕ್ಕು ಉದ್ದ, ಗಟ್ಟಿ. ಸೊಂಟ ಕೆಂಪು. ಇದು ಮಲಬಾರ್ ಹೊನ್ನು ಬೆನ್ನಿನ ಮರಕುಟಿಗ, ಮೊದಲಿನೆರಡಕ್ಕಿಂತ ದೊಡ್ಡದು, ಸುಮಾರು 30 ಸೆಂಟಿಮೀಟರ್ ಮೇಲೆ. ಹೆಣ್ಣಿನ ನೆತ್ತಿಯಲ್ಲಿ ಕೆಂಪೇ ಇಲ್ಲ, ಕಪ್ಪಿನ ಮೇಲೆ ದುಂಡಗಿನ ಬಿಳಿ ಚುಕ್ಕೆಗಳು. ಹೆಣ್ಣುಗಳ ನಡುವೆ ಗೀರಾ, ಚುಕ್ಕೆಯಾ ಅನ್ನುವ ಒಂದೇ ವಿಷಯ ನೋಡಿದರೂ ಇವೆರಡನ್ನು ಬೇರೆ ಮಾಡಬಹುದು. ಕೂಗು ಚೂಪು, ಲೋಹದ ಸದ್ದಿನ ಹಾಗೆ, ಟಿಟಿಟಿಟಿಟಿ ಅಂತ, ಜೀರುಂಡೆ ಅಂತಲೇ ಅಂದುಕೊಂಡು ಬಿಟ್ಟುಬಿಡಬಹುದು. ಜೀರುಂಡೆ ನಿಲ್ಲದೇ ಹೊಡೆಯುತ್ತದೆ, ಇದು ತುಂಡು ತುಂಡಾಗಿ ಬರುತ್ತದೆ, ಜಾಗ ಬದಲಾಯಿಸುತ್ತಾ ಇರುತ್ತದೆ. ಸಿಲ್ವರ್ ಓಕ್ ಮರಕ್ಕೆ ಮೆಣಸು ಹಬ್ಬಿಸಿದ ತೋಟಗಳಲ್ಲಿ ಹಳೆಯ ಕಾಡುಮರ ಇನ್ನೂ ಉಳಿಸಿಕೊಂಡಿದ್ದರೆ ಈ ಹಕ್ಕಿ ಜೋಡಿಯಾಗಿ ಸಿಗುತ್ತದೆ.

ನಾಲ್ಕನೆಯದು ಒಣ ಕಾಡಿನದು, ಬಿಳಿ ಕತ್ತಿನ ಮರಕುಟಿಗ. ಇದರಲ್ಲೂ ಮೀಸೆ ಸೀಳಿದೆ, ಆದರೆ ಕತ್ತಿನ ಬಿಳಿ ಅಲ್ಲಿಗೇ ನಿಲ್ಲದೇ ಬೆನ್ನಿನ ಮೇಲ್ಭಾಗಕ್ಕೂ ಇಳಿದು ಬರುತ್ತದೆ, ಎರಡು ಪಕ್ಕ ಕಪ್ಪು. ಹಿಂದಿನಿಂದ ನೋಡಿದರೆ ಇನ್ನು ಯಾವುದರ ಜೊತೆಗೂ ಗೊಂದಲ ಆಗುವುದಿಲ್ಲ. ಸೊಂಟ ಕಪ್ಪು. ಹೆಣ್ಣಿನ ನೆತ್ತಿ ಹಳದಿ. ಎಲ್ಲೆಡೆ ಸಿಗುವ ಹಕ್ಕಿ ಅಲ್ಲ, ಪೂರ್ವದ ಕಡೆಯ ಕುರುಚಲು ಕಾಡಿನಲ್ಲಿ ಹುಡುಕಿ.

ಫೋಟೋ ತೆಗೆಯುವವರಿಗೆ: ಎದುರಿನಿಂದ ಕೆಂಪು ಜುಟ್ಟಿನ ಫೋಟೋ ಚೆಂದ ಬರುತ್ತದೆ ನಿಜ, ಗುರುತಿಸಲು ಮಾತ್ರ ಉಪಯೋಗಕ್ಕೆ ಬಾರದು. ಮಸುಕಾದರೂ ಪರವಾಗಿಲ್ಲ, ಪಕ್ಕದಿಂದ ಒಂದು, ಹಿಂದಿನಿಂದ ಒಂದು ತೆಗೆಯಿರಿ.

ಹಸಿರಿನವು ಎರಡು

ಮೈ ಹಸಿರು ಇದ್ದರೆ ಕೆಲಸ ಸುಲಭ, ಎರಡೇ ಇವೆ. ನೆಲದ ಮೇಲೆ, ಹುತ್ತದ ಪಕ್ಕ, ರಸ್ತೆ ಬದಿಯ ಒಣ ಎಲೆಯಲ್ಲಿ ಕುಪ್ಪಳಿಸುತ್ತಾ ಇರುವೆ, ಗೆದ್ದಲು ತಿನ್ನುತ್ತಿದ್ದರೆ ಗೀರುಗಂಟಲಿನ ಮರಕುಟಿಗ. ಗಂಟಲಿನಲ್ಲಿ ಗೀರು, ಹೊಟ್ಟೆಯ ಮೇಲೆ ಮೀನಿನ ಪೊರೆಯಂಥ ಗುರುತು, ಕಣ್ಣು ಬೆಳ್ಳಗೆ, ಹಾರಿದಾಗ ಸೊಂಟ ಹಳದಿ. ಗಂಡಿನ ನೆತ್ತಿ ಕೆಂಪು, ಹೆಣ್ಣಿನದು ಕಪ್ಪು ಬೂದು. ಮಾತು ಬಹಳ ಕಡಿಮೆ ಇದಕ್ಕೆ. ಆದ್ದರಿಂದ ಕಿವಿಯಿಂದ ಹುಡುಕಿದರೆ ಸಿಗುವುದಿಲ್ಲ, ಮುತ್ತೋಡಿ ಕಡೆಯ ತೇಗದ ಕಾಡಿನ ಅಂಚಿನಲ್ಲಿ ನೆಲ ನೋಡುತ್ತಾ ಹೋಗಬೇಕು. ಜೀಪಿನಲ್ಲಿ ಸಫಾರಿ ಹೋದವರಿಗೆ ದಾರಿಯ ಮೇಲೆಯೇ ಸಿಗುವುದುಂಟು, ಎಲ್ಲರೂ ಹುಲಿ ಹುಡುಕುವಾಗ ನೀವು ದಾರಿ ಬದಿ ನೋಡಿ.

ಇನ್ನೊಂದಕ್ಕೆ ಕತ್ತಿನ ಹಿಂದೆ ಹಳದಿ ಜುಟ್ಟು. ಹಳದಿ ಜುಟ್ಟಿನ ಹಸಿರು ಮರಕುಟಿಗ ಅನ್ನಬಹುದು. ಮರದ ಮೇಲಿನ ಹಕ್ಕಿ, ನೆಲಕ್ಕೆ ಇಳಿಯುವುದು ಕಡಿಮೆ. ಕಾಜಾಣ, ಇತರ ಸಣ್ಣ ಹಕ್ಕಿಗಳ ಜೊತೆ ಗುಂಪಾಗಿ ಓಡಾಡುತ್ತದೆ. ಕೂಗು ಮರಕುಟಿಗದ್ದು ಅಂತ ಅನ್ನಿಸುವುದೇ ಇಲ್ಲ, ಒಂದೇ ಒಂದು ಉದ್ದನೆಯ ದುಃಖದ ದನಿ, ಪೀ...ಯೂ, ಹದ್ದಿನದೋ ಅನ್ನುವ ಹಾಗೆ. ಕಾಡಿನ ಒಳಗಿಂದ ಇಂಥ ಕೂಗು ಬಂದು, ಮೇಲೆ ಆಕಾಶದಲ್ಲಿ ಯಾವ ಹದ್ದೂ ಇಲ್ಲದಿದ್ದರೆ ಮರದ ನಡು ಎತ್ತರದಲ್ಲಿ ಹುಡುಕಿ.

ಕಂದು ಮರಕುಟಿಗ ಮತ್ತು ಇರುವೆ ಗೂಡು

ನನಗೆ ಇದರ ಮೇಲೆ ತುಂಬಾ ಪ್ರೀತಿ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೈನಾ ಗಾತ್ರ, ಮೈಯೆಲ್ಲ ಕಂದು, ರೆಕ್ಕೆ ಬಾಲದ ಮೇಲೆ ಕಪ್ಪು ಅಡ್ಡ ಪಟ್ಟೆ. ಗಂಡಿಗೆ ಕಣ್ಣಿನ ಕೆಳಗೆ ಸಣ್ಣ ಕೆಂಪು ಕಲೆ, ಹತ್ತಿರದಿಂದ ಬಿಟ್ಟರೆ ಕಾಣುವುದಿಲ್ಲ. ಮಂಕು ಬಣ್ಣ ಅಂತ ಜನ ಗಮನಿಸುವುದೇ ಇಲ್ಲ. ಕೂಗು ಮೂಗಿನಿಂದ ಬಂದ ಹಾಗೆ, ಕೀಂಕ್ ಕೀಂಕ್ ಕೀಂಕ್, ಹೆಚ್ಚಾಗಿ ಮೂರು ಸಲ, ಮೈನಾ ಕೂಗಿದ ಹಾಗೂ ಅನ್ನಿಸುತ್ತದೆ. ಬಡಿತ ಮೇಲೆ ಹೇಳಿದೆನಲ್ಲ.

ಕಾಫಿ ತೋಟದ ಮರಗಳ ಕೊಂಬೆಯಲ್ಲಿ ಕಂದು ಕಪ್ಪು ಬಣ್ಣದ, ಒಣಗಿದ ಸಗಣಿ ಮೆತ್ತಿದಂತೆ ಕಾಣುವ ದೊಡ್ಡ ಇರುವೆ ಗೂಡು ನೋಡಿರುತ್ತೀರಿ. ಎಲೆ ಹೊಲಿದು ಕಟ್ಟುವ ಚಿಗಳಿಯ ಗೂಡು ಬೇರೆ, ಇದು ಬೇರೆ. ಇದನ್ನು ಮುಟ್ಟಿದರೆ ಸಣ್ಣ ಕಪ್ಪಿರುವೆಗಳು ಹಿಂಭಾಗ ಮೇಲಕ್ಕೆ ಎತ್ತಿಕೊಂಡು ಸಾಲಾಗಿ ನುಗ್ಗಿ ಬರುತ್ತವೆ. ಕಂದು ಮರಕುಟಿಗ ಇವನ್ನೇ ತಿನ್ನುತ್ತದೆ. ಆಶ್ಚರ್ಯ ಏನೆಂದರೆ ಮರಿ ಮಾಡುವ ಕಾಲ ಬಂದಾಗ ಅದೇ ಗೂಡಿಗೆ ತೂತು ಕೊರೆದು, ಇರುವೆ ಓಡಾಡುತ್ತಿರುವಾಗಲೇ, ಒಳಗೆ ಮೊಟ್ಟೆ ಇಡುತ್ತದೆ. ಹಕ್ಕಿಯ ಬಾಲದ ಗರಿಗೆ ಅಂಟು ಮೆತ್ತಿಕೊಂಡು ಅದರಲ್ಲಿ ಇರುವೆಯ ತಲೆಗಳು ಕಚ್ಚಿಕೊಂಡು ಉಳಿದಿರುವುದೂ ಉಂಟು. ಹಾಗಾಗಿ ಇಂಥ ಗೂಡು ಕಂಡರೆ ಅದರ ಬದಿಯಲ್ಲಿ ದುಂಡನೆಯ ತೂತು ಇದೆಯಾ ನೋಡಿ. ಇದ್ದರೆ ದೂರದಲ್ಲಿ ಕೂತು ಅರ್ಧ ಗಂಟೆ ಕಾಯಿರಿ, ಹಕ್ಕಿ ಬರುತ್ತದೆ.

ದೊಡ್ಡ ಕರಿ ಮರಕುಟಿಗ

ಬಿಳಿ ಹೊಟ್ಟೆಯ ದೊಡ್ಡ ಕರಿ ಮರಕುಟಿಗಕ್ಕೆ ವಿವರಣೆ ಬೇಕಿಲ್ಲ. ಕಾಗೆಗಿಂತ ದೊಡ್ಡದು, ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ. ಮೈ ಕಡುಗಪ್ಪು, ಹೊಟ್ಟೆ ಬಿಳಿ, ಜುಟ್ಟು ಕೆಂಪು. ಗಂಡಿಗೆ ಹಣೆಯಿಂದ ಹಿಂದಿನವರೆಗೂ ಕೆಂಪು, ಹೆಣ್ಣಿಗೆ ಹಿಂಭಾಗ ಮಾತ್ರ. ಹಾರಿದಾಗ ಸೊಂಟ ಬಿಳಿ. ಒಂಟಿ ಕೂಗು, ಕಿಯಾಂಕ್, ತುಂಬಾ ಗಟ್ಟಿ. ದೊಡ್ಡ ಮರ, ಒಣಗಿ ನಿಂತ ಮರ ಇರುವ ಹಳೆಯ ಕಾಡು ಬೇಕು ಇದಕ್ಕೆ. ಭದ್ರಾ ಕಾಡಿನಲ್ಲಿ, ಘಟ್ಟದ ಅಂಚಿನ ಕಾಡುಗಳಲ್ಲಿ ಇದೆ. ದೊಡ್ಡ ಮರ ಉಳಿಸಿಕೊಂಡ ಕಾಡಂಚಿನ ತೋಟಗಳಿಗೂ ಬರುತ್ತದೆ. ನಿಮ್ಮ ತೋಟಕ್ಕೆ ಇದು ಬಂತು ಅಂದರೆ ನಿಮ್ಮ ತೋಟದ ಮರಗಳ ಬಗ್ಗೆ ನೀವು ಹೆಮ್ಮೆ ಪಡಬಹುದು.

ಪುಟಾಣಿಗಳು

ಇಲ್ಲಿ ಗಾತ್ರವೇ ಅರ್ಧ ಉತ್ತರ. ಗುಬ್ಬಚ್ಚಿಗಿಂತ ಚಿಕ್ಕದು, ಕಂದು ಬಿಳಿ ಪಟ್ಟೆ, ತೆಳು ರೆಂಬೆಗಳ ಮೇಲೆ ಓಡಾಡುತ್ತಾ ಕ್ಲಿಕ್-ರ್ರ್ರ್ರ್ ಅಂತ ಸಣ್ಣಗೆ ಕೂಗುತ್ತಿದ್ದರೆ ಕಂದು ನೆತ್ತಿಯ ಕಿರು ಮರಕುಟಿಗ. ಗಂಡಿನ ತಲೆಯ ಪಕ್ಕದ ಕೆಂಪು ಎಳೆ ಎಷ್ಟು ಸಣ್ಣದು ಅಂದರೆ ಗಾಳಿಗೆ ಗರಿ ಎದ್ದಾಗ ಮಾತ್ರ ಕಾಣುತ್ತದೆ.

ಗುಬ್ಬಚ್ಚಿ ಗಾತ್ರ, ಬಾಲ ಮೊಂಡು, ತಲೆಯ ಮೇಲೆ ಎತ್ತರದ ಜುಟ್ಟು, ಕಪ್ಪು ಬಿಳಿ ಮೈ, ರೆಕ್ಕೆಯ ಬಿಳಿ ಭಾಗದಲ್ಲಿ ಹೃದಯದ ಆಕಾರದ ಕಪ್ಪು ಚುಕ್ಕೆಗಳು. ಇದು ಹೃದಯ ಚುಕ್ಕೆಯ ಮರಕುಟಿಗ, ಕೆಂಪು ಎಲ್ಲೂ ಇಲ್ಲ. ಹಣೆ ಬಿಳಿ ಇದ್ದರೆ ಹೆಣ್ಣು, ಕಪ್ಪು ಇದ್ದರೆ ಗಂಡು. ಸದಾ ಜೋಡಿ, ಸದಾ ಮರದ ತುದಿ, ಟ್ವೀ-ಟ್ವೀ-ಟ್ವೀ ಅಂತ ಗಲಾಟೆ ಮಾಡುತ್ತಲೇ ಇರುತ್ತವೆ. ಕತ್ತು ನೋಯುತ್ತದೆ, ಆದರೂ ನೋಡಿ.

ಬಿದಿರು ಮೆಳೆಯಲ್ಲಿ ಬೆರಳಿನಷ್ಟು ಹಕ್ಕಿ, 10 ಸೆಂಟಿಮೀಟರ್, ಮೇಲೆ ಹಸಿರು ಮಿಶ್ರಿತ ಬಣ್ಣ, ಕೆಳಗೆ ಬಿಳಿಯ ಮೇಲೆ ಕಪ್ಪು ಚುಕ್ಕೆ, ಕಣ್ಣಿನ ಮೇಲೊಂದು ಕೆಳಗೊಂದು ಬಿಳಿ ಪಟ್ಟೆ. ಇದು ಎಲ್ಲಕ್ಕಿಂತ ಚಿಕ್ಕ ಮರಕುಟಿಗ, ಪಿಕ್ಯುಲೆಟ್ ಅನ್ನುತ್ತಾರೆ. ಒಣ ಬಿದಿರಿನ ಮೇಲೆ ಬಡಿದಾಗ ಅಷ್ಟು ಸಣ್ಣ ಹಕ್ಕಿಯಿಂದ ಇಷ್ಟು ಸದ್ದಾ ಅನ್ನಿಸುತ್ತದೆ.

ಅರಸೀಕೆರೆ, ಕಡೂರು ಕಡೆಯವರಿಗೆ ಸಿಗುವುದು ಹಳದಿ ನೆತ್ತಿಯದು. ಪಿಕಳಾರದಷ್ಟು, ರೆಕ್ಕೆ ಬೆನ್ನು ಕಪ್ಪು, ಅದರ ತುಂಬ ಬಿಳಿ ಚುಕ್ಕೆ, ಹಣೆ ಹಳದಿ, ಹೊಟ್ಟೆಯ ಕೆಳಗೆ ಒಂದು ಕೆಂಪು ಕಲೆ. ಗಂಡಿಗೆ ತಲೆಯ ಹಿಂದೂ ಕೆಂಪು. ಜಾಲಿ ಮರಗಳಲ್ಲಿ, ಹಳೆಯ ಮಾವಿನ ತೋಪಿನಲ್ಲಿ ನೋಡಿ.

ಇವು ಮರಕುಟಿಗ ಅಲ್ಲ

ಚಂದ್ರಮುಕುಟವನ್ನು ಮರಕುಟಿಗ ಅನ್ನುವವರು ಬಹಳ ಇದ್ದಾರೆ. ಬೀಸಣಿಗೆಯಂತೆ ಬಿಚ್ಚುವ ಜುಟ್ಟು, ಬಾಗಿದ ತೆಳು ಕೊಕ್ಕು, ಹುಲ್ಲಿನ ಮೇಲೆ ನಡೆದಾಡುವುದು, ಇದು ಮರ ಕುಟುಕುವುದೇ ಇಲ್ಲ. ಕುಟ್ರು ಹಕ್ಕಿಯೂ ಬೇರೆ. ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ಕುಟುರ್ ಕುಟುರ್ ಅನ್ನುವುದು ಅದೇ, ಮೈ ಹಸಿರು, ಕೊಕ್ಕು ದಪ್ಪ, ಅತ್ತಿ ಗೋಣಿ ಹಣ್ಣು ತಿನ್ನುತ್ತದೆ. ಅದೂ ಒಣ ಕೊಂಬೆಯಲ್ಲಿ ತೂತು ಕೊರೆಯುತ್ತದೆ, ಅದಕ್ಕೇ ಜನ ಹಸಿರು ಮರಕುಟಿಗ ಅಂದುಕೊಳ್ಳುತ್ತಾರೆ, ಆದರೆ ಕಾಂಡ ಹತ್ತುವುದಿಲ್ಲ. ಊರೊಳಗೆ ಮಧ್ಯಾಹ್ನ ಟುಕ್ ಟುಕ್ ಟುಕ್ ಅಂತ ಒಂದೇ ತಾಳದಲ್ಲಿ ಹೊತ್ತುಗಟ್ಟಲೆ ಕೇಳುವುದು ಕಂಚುಕುಟಿಗ ಅನ್ನುವ ಹಕ್ಕಿಯ ಗಂಟಲಿನ ಸದ್ದು, ಕೊಕ್ಕಿನ ಸದ್ದಲ್ಲ. ಕಾಂಡದ ಮೇಲೆ ತಲೆ ಕೆಳಗಾಗಿ ಇಳಿಯುತ್ತಿರುವ ನೀಲಿ ಬಣ್ಣದ, ಕೆಂಪು ಕೊಕ್ಕಿನ ಸಣ್ಣ ಹಕ್ಕಿ ಕಂಡರೆ ಅದೂ ಮರಕುಟಿಗ ಅಲ್ಲ, ನಟ್‌ಹ್ಯಾಚ್. ಮರಕುಟಿಗ ಬೇಕಾದರೆ ಹಿಂದಕ್ಕೆ ಜಾರಿ ಇಳಿಯುತ್ತದೆ, ತಲೆ ಕೆಳಗೆ ಮಾಡಿ ನಡೆಯುವುದಿಲ್ಲ.

ಬರೆದುಕೊಳ್ಳುವುದು, ಗೂಡು ಸಿಕ್ಕರೆ ಮಾಡಬೇಕಾದದ್ದು

ಹಕ್ಕಿ ಹಾರಿ ಹೋದ ಕೂಡಲೇ ಪುಸ್ತಕ ತೆಗೆಯುವ ಮೊದಲು ಕಂಡದ್ದನ್ನು ಬರೆದುಬಿಡಿ. ಗಾತ್ರ ಯಾವ ಹಕ್ಕಿಯಷ್ಟು, ಸೊಂಟ ಯಾವ ಬಣ್ಣ, ಕತ್ತಿನ ಹಿಂದೆ ಏನಿತ್ತು, ಮೀಸೆ ಒಂದಾ ಎರಡಾ, ಯಾವ ಮರ, ಎಷ್ಟು ಎತ್ತರ, ಕೂಗು ನಿಮ್ಮ ಕಿವಿಗೆ ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ. ಪುಸ್ತಕದ ಚಿತ್ರ ನೋಡಿದ ಮೇಲೆ ಮನಸ್ಸು ಕಾಣದ್ದನ್ನೂ ಕಂಡೆ ಅನ್ನುತ್ತದೆ. ಕಾಣಲಿಲ್ಲ ಅಂದರೆ ಕಾಣಲಿಲ್ಲ ಅಂತಲೇ ಬರೆಯಿರಿ. "ಹೊನ್ನು ಬೆನ್ನಿನ ಮರಕುಟಿಗ, ಯಾವುದು ಅಂತ ಗೊತ್ತಾಗಲಿಲ್ಲ" ಅನ್ನುವುದೂ ಒಳ್ಳೆಯ ದಾಖಲೆಯೇ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲೂ ಹಾಗೆ ಹಾಕಲು ಅವಕಾಶ ಇದೆ.

ಕೊಂಬೆಯಲ್ಲಿ ದುಂಡನೆಯ ತೂತು, ಕೆಳಗೆ ನೆಲದ ಮೇಲೆ ಹೊಸ ಮರದ ಚಕ್ಕೆ ಬಿದ್ದಿದ್ದರೆ ಮೇಲೆ ಗೂಡು ಕೊರೆಯುತ್ತಿದೆ ಅಂತ ಅರ್ಥ. ಬುಡದಲ್ಲಿ ನಿಲ್ಲಬೇಡಿ, ದೂರದಿಂದ ಒಂದು ಸಲ ನೋಡಿ ಬಂದುಬಿಡಿ. ಮರಕುಟಿಗ ಕೊರೆದು ಮರ ಸಾಯಿಸುತ್ತದೆ ಅಂತ ಕೆಲವರು ಓಡಿಸುತ್ತಾರೆ. ಅದು ಗೂಡಿಗೆ ಆರಿಸುವುದು ಸಾಮಾನ್ಯವಾಗಿ ಒಳಗೆ ಮೊದಲೇ ಮೆತ್ತಗಾದ, ಒಣಗಿದ ಕೊಂಬೆಯನ್ನು. ಅದು ಬಿಟ್ಟು ಹೋದ ತೂತಿಗೆ ಮುಂದಿನ ವರ್ಷ ಗಿಳಿ, ಮೈನಾ, ಮಡಿವಾಳ, ಸಣ್ಣ ಗೂಬೆ ಬಂದು ಸೇರಿಕೊಳ್ಳುತ್ತವೆ, ಇವುಗಳಲ್ಲಿ ಹೆಚ್ಚಿನವು ತಾವೇ ಮರ ಕೊರೆಯಲಾರವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಮರಕುಟಿಗಕ್ಕೆ ಇದೆ.

ತೋಟ ಇರುವವರಿಗೆ ಒಂದು ಕೋರಿಕೆ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಸುವ ಕೆಲಸ, ಮಾಡಿಸುವ ಮೊದಲು ಮರ ಹತ್ತುವವರ ಜೊತೆ ಒಂದು ಸುತ್ತು ಹೋಗಿ, ತೂತು ಇರುವ ಕೊಂಬೆ ಯಾವುದು ಅಂತ ಕೆಳಗಿನಿಂದಲೇ ತೋರಿಸಿ, ಆ ಮರದ ಕಾಂಡಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದಿಡಿ. ದಾರಿಯ ಮೇಲೆ, ಕೆಲಸದವರ ಲೈನ್ ಮನೆಯ ಮೇಲೆ, ಕರೆಂಟ್ ತಂತಿಯ ಮೇಲೆ ಬೀಳುವಂಥದ್ದಾದರೆ ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೋಟದ ನಡುವೆ ಇರುವುದಾದರೆ ಆ ಒಂದು ಕೊಂಬೆ ಬಿಟ್ಟು ಉಳಿದದ್ದು ಕಡಿಸಿ.